ಯಾರ ಹಿಂದೆ ಯಾರು

ನಮ್ಮೂರಿಗೆ ರಜೆಗೆ ಬರುವವರು ಫೋನು ಮಾಡಿದಾಗ ಮೊದಲು ಕೇಳುವುದು, ರೂಮಿನ ಕಿಟಕಿಯಿಂದ ಸರೋವರ ಕಾಣುತ್ತದೆಯೇ ಎಂದು. ಕಾಣುತ್ತದೆ ಎನ್ನುತ್ತೇನೆ. ನಾವು ಅದನ್ನು ಕೆರೆ ಎನ್ನುವುದು, ಮತ್ತು ಈ ಊರಲ್ಲಿ ಕೆರೆ ಕಾಣದ ಹಾಗೆ ಕಿಟಕಿ ಇಡಬೇಕೆಂದರೆ ಮೇಸ್ತ್ರಿ ತಲೆ ಕೆರೆದುಕೊಳ್ಳಬೇಕು. ಎರಡನೆಯ ಪ್ರಶ್ನೆ ಊಟದ್ದು, ಆಮೇಲಿನದು ಚಳಿಯದು. ಕಂಬಳಿ ಎಷ್ಟು ತರಬೇಕು, ಮಧ್ಯಾಹ್ನ ಅನ್ನ ಸಿಗುತ್ತದೆಯೇ, ಬೆಟ್ಟದ ರಸ್ತೆಯಲ್ಲಿ ವಾಂತಿ ಬರುತ್ತದೆಯೇ, ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಡುತ್ತೇನೆ. ಅದೆಲ್ಲ ಮುಗಿದ ಮೇಲೆ ನಾನು ಕೇಳುವುದು ಒಂದೇ ಮಾತು, ಬಿಸಿಹೊಂಡದಲ್ಲಿ ಯಾರ ಹಿಂದೆ ಯಾರು ಇಳಿಯುತ್ತೀರಿ ಎಂದು. ಅಲ್ಲಿಯವರೆಗೆ ವಟಗುಟ್ಟುತ್ತಿದ್ದ ಫೋನು ತಣ್ಣಗಾಗುತ್ತದೆ. ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂದು ಇಡುತ್ತಾರೆ. ರಜೆಯ ತಯಾರಿ ನಿಜವಾಗಿ ಶುರುವಾಗುವುದು ಆಗ.

ಹೊಂಡಕ್ಕೆ ಇಳಿದವರ ಮೈನೋವು ನೀರಲ್ಲಿ ಉಳಿಯುತ್ತದೆ, ಅವರ ಹಿಂದೆ ಇಳಿದವರು ಅದನ್ನು ಹೊತ್ತುಕೊಂಡು ಮೇಲೆ ಬರುತ್ತಾರೆ. ಹಿಂದೆ ಯಾರೂ ಇಳಿಯದಿದ್ದರೆ ನೋವು ಸಂಜೆಯೊಳಗೆ ದಾರಿ ಹುಡುಕಿಕೊಂಡು ತನ್ನ ಯಜಮಾನನ ಬಳಿಗೇ ಬರುತ್ತದೆ. ಅದಕ್ಕೇ ಜನ ಗುಂಪಾಗಿ ಬಂದು ಸುತ್ತು ಹಾಕುತ್ತಾರೆ. ಮೊದಲು ಇಳಿದವರು ಕೊನೆಗೆ ಇನ್ನೊಮ್ಮೆ ಇಳಿದು ಕೊನೆಯವರದನ್ನು ತೆಗೆದುಕೊಂಡರೆ ಸುತ್ತು ಮುಗಿಯಿತು. ಊರಲ್ಲಿ ಇರುವಷ್ಟು ದಿನ ಹಾಗೇ. ಘಟ್ಟದ ತಲೆಯಲ್ಲಿರುವ ಗಾಳಿಕಲ್ಲು ದಾಟಿದ ಕೂಡಲೇ ಅವರವರ ನೋವು ಅವರವರಿಗೆ. ಹಾಗಾದರೆ ಇಷ್ಟು ದೂರ ಬಂದು ಏನು ಸುಖ ಎಂದು ಕೇಳುವವರಿದ್ದಾರೆ. ಅವರು ಒಂದೇ ಸೊಂಟನೋವನ್ನು ವರ್ಷಗಟ್ಟಲೆ ಸಾಕಿದವರಲ್ಲ. ಸಾಕಿದವರಿಗೆ ಬೇರೆಯವರ ಹಲ್ಲುನೋವು ಕೂಡ ಹವಾ ಬದಲಾಯಿಸಿದ ಹಾಗೆ.

ಊರವರು ಇದಕ್ಕೆ ಎಂದೋ ಒಗ್ಗಿಹೋಗಿದ್ದೇವೆ. ಯಾರಾದರೂ ಕುಂಟುತ್ತಾ ಎದುರಾದರೆ ಏನಾಯಿತು ಎಂದು ಕೇಳುವುದಿಲ್ಲ, ಇವತ್ತು ಯಾರದು ಎಂದು ಕೇಳುತ್ತೇವೆ. ಕ್ಷೌರದ ಮಾದಯ್ಯನೂ ದೋಣಿ ನಡೆಸುವ ಪೌಲನೂ ವಾರಕ್ಕೊಮ್ಮೆ ಭುಜ ಮತ್ತು ಬೆನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ಅತ್ತೆಯಾಗುವವಳೂ ಸೊಸೆಯಾಗುವವಳೂ ಒಮ್ಮೆ ಹಿಂದೆ ಮುಂದೆ ಇಳಿದರೇನೇ ಮಾತು ಪಕ್ಕಾ. ಮಕ್ಕಳನ್ನು ಮಾತ್ರ ಹೊಂಡದ ಹತ್ತಿರ ಸೇರಿಸುವುದಿಲ್ಲ, ಅವಕ್ಕೆ ಕೆರೆಯೇ ಸ್ನಾನದ ಮನೆ. ನನ್ನ ಗಂಡನಿಗೆ ಉಬ್ಬಸವಿತ್ತು. ಕೊನೆಯ ವರ್ಷ ದಿನಾ ಬೆಳಗ್ಗೆ ನಾನು ಅವರ ಹಿಂದೆ ಇಳಿಯುತ್ತಿದ್ದೆ, ಮಧ್ಯಾಹ್ನ ಹಟ ಹಿಡಿದು ನನ್ನ ಹಿಂದೆ ಇಳಿದು ಅದನ್ನು ವಾಪಸ್ಸು ತೆಗೆದುಕೊಳ್ಳುವವರೆಗೆ ಅವರು ಚೆನ್ನಾಗಿ ಉಸಿರಾಡಿಕೊಂಡು ಪೇಪರು ಓದುತ್ತಿದ್ದರು. ಅವರು ಹೋದ ಮೇಲೆ ಈ ಮನೆಯ ಮೂರು ರೂಮುಗಳನ್ನು ಬಾಡಿಗೆಗೆ ಬಿಟ್ಟು ಬದುಕುತ್ತಿದ್ದೇನೆ. ಬೋರ್ಡು ಏನೂ ಇಲ್ಲ. ಸಾಕಮ್ಮನ ಮನೆ ಎಂದರೆ ಜೀಪಿನವನು ತಂದು ಇಳಿಸುತ್ತಾನೆ.

ಚನ್ನವೀರಯ್ಯ ಮೊದಲ ಸಲ ಫೋನು ಮಾಡಿದಾಗ ರೂಮಿನ ವಿಷಯಕ್ಕೆ ಬರಲು ತುಂಬ ಹೊತ್ತು ಹಿಡಿಯಿತು. ಬಯಲಿನ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು, ವಯಸ್ಸು ಐವತ್ತೈದರ ಆಸುಪಾಸು, ನನಗಿಂತ ಚಿಕ್ಕವನು. "ನನಗೆ ಕತ್ತು ನೋವು ಸಾಕಮ್ಮಾ, ಬಲಭುಜ ಎತ್ತೋಕಾಗಲ್ಲ, ಹಿಮ್ಮಡಿ ಅಂತೂ ಬೆಳಗ್ಗೆ ನೆಲಕ್ಕೆ ತಾಗಿಸೋ ಹಾಗಿಲ್ಲ. ಜೊತೆಗೆ ಎದೆಯುರಿ. ನನ್ನಂಥ ಮೈ ಶತ್ರುವಿಗೂ ಬೇಡ" ಎಂದ. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಬರುವವರು ಮೂವರು, ಅವನು, ಅವನ ಹೆಂಡತಿ ದಾಕ್ಷಾಯಿಣಿ, ಜೊತೆಗೆ ಅವರ ಮನೆಯಲ್ಲೇ ಇರುವ ಅವನ ಅಕ್ಕ ಅಂಬಕ್ಕ. ಯಾರ ಹಿಂದೆ ಯಾರು ಎಂದು ಕೇಳಿದೆ. "ಅದರಲ್ಲೇನಿದೆ, ನಾನು ನನ್ನ ಹೆಂಡತಿ ಹಿಂದೆ. ಅವಳಿಗೆ ಏನೂ ಇಲ್ಲ, ಗುಂಡುಕಲ್ಲು" ಎಂದ.

ಅಷ್ಟರಲ್ಲಿ ಫೋನು ಯಾರೋ ಕಿತ್ತುಕೊಂಡ ಸದ್ದಾಯಿತು. "ನಾನು ಇವನ ಅಕ್ಕ. ನೋಡಮ್ಮಾ, ಇವನು ಹೇಳಿದ ಹಾಗೆ ಸುತ್ತು ಹಾಕಿದ್ರೆ ಇವನ ಹಿಂದೆ ಇಳಿಯೋಳು ನಾನು. ಇವನ ನರಳಾಟ ಕೇಳೀ ಕೇಳೀ ನನ್ನ ಕಿವಿ ತೂತಾಗಿದೆ, ಇನ್ನು ಮೈಗೂ ಬೇರೆ ಹಚ್ಕೊಳ್ಳಲಾ? ದಾಕ್ಷಾಯಿಣಿ ಹಿಂದೆ ನಾನು ಇಳೀತೀನಿ. ಇವನ ಹಿಂದೆ ಅವಳು ಇಳೀಲಿ, ಗಂಡ ಅಲ್ವಾ." ಅಂಬಕ್ಕನಿಗೆ ಇರುವುದು ಅರೆತಲೆನೋವು ಒಂದೇ, ಅದೂ ಮಧ್ಯಾಹ್ನ ಬಂದು ಕಾಫಿ ಕುಡಿದರೆ ಹೊರಡುವಂಥದ್ದು. ಅದನ್ನು ತೆಗೆದುಕೊಳ್ಳಲು ಯಾರಿಗೂ ತಕರಾರಿರಲಿಲ್ಲ. ಜಗಳವೆಲ್ಲ ದಾಕ್ಷಾಯಿಣಿಯ ಹಿಂದಿನ ಜಾಗಕ್ಕೆ. ಆ ತಿಂಗಳೆಲ್ಲ ಅಕ್ಕ ತಮ್ಮ ಸರದಿಯ ಮೇಲೆ ಫೋನು ಮಾಡಿ ಸುತ್ತು ಬದಲಾಯಿಸಿದ್ದೇ ಬದಲಾಯಿಸಿದ್ದು. ಒಮ್ಮೆ ಅವನು ಊಟ ಬಿಟ್ಟನಂತೆ, ಇನ್ನೊಮ್ಮೆ ಅವಳು ಪೆಟ್ಟಿಗೆ ಬಿಚ್ಚಿ ಬಟ್ಟೆ ವಾಪಸ್ಸು ಇಟ್ಟಳಂತೆ. ಕೊನೆಗೆ ಗೆದ್ದದ್ದು ಚನ್ನವೀರಯ್ಯ. ಅವನಷ್ಟು ಹೊತ್ತು ಗೋಳಾಡುವ ತ್ರಾಣ ಅಂಬಕ್ಕನಿಗಿರಲಿಲ್ಲ.

ಹೊರಡುವ ಮುಂಚಿನ ವಾರ ಇನ್ನೊಂದು ಫೋನು ಬಂತು. ಹಿಂದೆ ನಲ್ಲಿ ನೀರು ಬಿಟ್ಟ ಸದ್ದು, ಮಾತು ಆಚೆಯವರಿಗೆ ಕೇಳದಿರಲಿ ಎಂದು ಬಿಟ್ಟದ್ದು. "ನಾನು ದಾಕ್ಷಾಯಿಣಿ. ನಾನು ಹೊಂಡಕ್ಕೆ ಇಳೀದೆ ಇದ್ರೆ ಆಗಲ್ವಾ?" ದಡದಲ್ಲಿ ಕುಳಿತು ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ ಎಂದೆ. "ಇವರು ಒಪ್ಪಲ್ಲ. ನನ್ನ ನಂಬ್ಕೊಂಡೇ ಹೊರಟಿದ್ದಾರೆ" ಎಂದಳು. ನಿಮಗೇನು ನೋವು ಎಂದು ಕೇಳಿದೆ. ಏನಿಲ್ಲ ಎಂದಳು. ಏನಿಲ್ಲದವರು ಇಂಥ ಫೋನು ಮಾಡುವುದಿಲ್ಲ ಎಂದೆ, ನನ್ನ ಬಾಯಿ ಯಾವತ್ತೂ ಹಾಗೇ. ನೀರು ಬೀಳುತ್ತಲೇ ಇತ್ತು. ಆಮೇಲೆ ಹೇಳಿದಳು. "ಸೊಂಟದಿಂದ ಬಲಗಾಲಿಗೆ ಇಳಿಯುತ್ತೆ. ಮಗಳು ಹುಟ್ಟಿದ ಮೇಲೆ ಶುರುವಾಗಿದ್ದು. ಮನೇಲಿ ನರಳೋಕೆ ಒಬ್ಬರು ಸಾಕು ಅಂತ ಸುಮ್ಮನಿದ್ದೆ. ಈಗ ಗೊತ್ತಾದ್ರೆ ಅವರು ತಡ್ಕೊಳಲ್ಲ. ನೋವನ್ನೂ ತಡ್ಕೊಳಲ್ಲ, ನಾನು ಮುಚ್ಚಿಟ್ಟಿದ್ದನ್ನೂ ತಡ್ಕೊಳಲ್ಲ. ಹ್ಯಾಗಾದ್ರೂ ತಪ್ಪಿಸಿ." ನೋಡೋಣ ಎಂದೆ. ಮಗಳಿಗೆ ಮದುವೆಯಾಗಿ ಮೊಮ್ಮಗ ಶಾಲೆಗೆ ಹೋಗುತ್ತಿದ್ದಾನೆಂದು ಚನ್ನವೀರಯ್ಯ ಹಿಂದೆಯೇ ಹೇಳಿದ್ದ. ಫೋನು ಇಟ್ಟು ಬೆರಳು ಮಡಚಿ ವರ್ಷ ಎಣಿಸಿದೆ, ಎರಡೂ ಕೈ ಸಾಲಲಿಲ್ಲ.

ಅವರು ಬಂದ ದಿನ ಕೆರೆಯ ಮೇಲೆ ಮಂಜು ಇಳಿದಿತ್ತು. ಜೀಪಿನಿಂದ ಮೊದಲು ಅಂಬಕ್ಕ ಇಳಿದಳು, ಆಮೇಲೆ ಅಯ್ಯೋ ಅಪ್ಪಾ ಎನ್ನುತ್ತ ಚನ್ನವೀರಯ್ಯ. ದಾಕ್ಷಾಯಿಣಿ ಎಡಗೈಯಲ್ಲಿ ಬಾಗಿಲು ಹಿಡಿದು, ಎಡಗಾಲು ಮೊದಲು ಊರಿ, ಒಂದು ಕ್ಷಣ ನಿಂತು, ಆಮೇಲೆ ನಗುತ್ತಾ ಬಂದಳು. ತೆಳ್ಳಗಿನ ಹೆಂಗಸು, ಎಣ್ಣೆ ಹಾಕಿ ಬಾಚಿದ ಕೂದಲು. ನೋಡಿದರೆ ಗುಂಡುಕಲ್ಲು ಎನ್ನಬೇಕು, ಹಾಗೆ ನಿಲ್ಲಲು ಎಷ್ಟು ಅಭ್ಯಾಸ ಮಾಡಿದ್ದಳೋ. ಮಾರನೆಯ ಬೆಳಗ್ಗೆ ಹೊಂಡದ ಮೆಟ್ಟಿಲ ಬಳಿ ನಾನು ಕೊನೆಯ ಪ್ರಯತ್ನ ಮಾಡಿದೆ. "ಯಜಮಾನ್ರೇ, ನಿಮ್ಮಾಕೆಗೆ ಬಿಸಿನೀರು ಒಗ್ಗಲ್ಲ ಅನ್ಸುತ್ತೆ. ಅಕ್ಕ ತಮ್ಮ ಇಬ್ಬರೇ ಅದಲುಬದಲು ಮಾಡ್ಕೊಳ್ಳಿ." ಅವನು ಕೈ ಅಲ್ಲಾಡಿಸಿದ. "ಅವಳಿಗೆ ಒಗ್ಗದೇ ಇರೋದು ಅಂತ ಪ್ರಪಂಚದಲ್ಲಿ ಯಾವುದೂ ಇಲ್ಲ." ದಾಕ್ಷಾಯಿಣಿ ನನ್ನ ಮುಖ ನೋಡಿದಳು. ಇನ್ನೇನು ಮಾಡಲಿ. ಅವಳು ಮೆಲ್ಲಗೆ ಇಳಿದು, ಕುತ್ತಿಗೆಯವರೆಗೆ ಮುಳುಗಿ, ಮೇಲೆ ಬಂದಳು. ಬಂದವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು, ತನ್ನ ಕಾಲು ಯಾರದೋ ಎನ್ನುವ ಹಾಗೆ ನೋಡಿಕೊಂಡು.

ಚನ್ನವೀರಯ್ಯ ಹಾಡು ಗುನುಗುತ್ತಾ ಇಳಿದ. ಮೇಲೆ ಬರುವಾಗ ಹಾಡು ಇರಲಿಲ್ಲ. ಎಡಗೈ ಕಬ್ಬಿಣದ ಕಂಬಿಯನ್ನು ಹಿಡಿದಿತ್ತು, ಬೆರಳುಗಳು ಬೆಳ್ಳಗಾಗಿದ್ದವು. ಟವೆಲು ಹಿಡಿದು ನಾನು ಪಕ್ಕದಲ್ಲೇ ಇದ್ದೆ, ಅವನ ಹಲ್ಲು ಒಂದಕ್ಕೊಂದು ಉಜ್ಜಿದ್ದು ಕೇಳಿಸಿತು. ಈಗ ಅರಚುತ್ತಾನೆ ಎಂದುಕೊಂಡೆ. ಇಡೀ ಬೆಟ್ಟಕ್ಕೆ ಕೇಳುವ ಹಾಗೆ ಅರಚುತ್ತಾನೆ. ಅವನು ಕತ್ತೆತ್ತಿ ಹೆಂಡತಿಯನ್ನು ನೋಡಿದ. ಅವಳು ಟವೆಲು ಹೊದ್ದು ನಡುಗುತ್ತಾ ಅವನನ್ನೇ ನೋಡುತ್ತಿದ್ದಳು, ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ. ಅವನು ಕಂಬಿಯಿಂದ ಕೈ ತೆಗೆದ. "ಏನಿಲ್ಲ ಕಣೇ, ಹತ್ತಿ ಹಂಗಿದೆ" ಎಂದ. ಜೀವಮಾನವೆಲ್ಲ ಇರುವೆ ಕಚ್ಚಿದ್ದಕ್ಕೆ ಊರು ಸೇರಿಸಿದವನ ಬಾಯಿಂದ ಆ ಮಾತು ಬಂದದ್ದನ್ನು ನಾನು ಕಿವಿಯಾರೆ ಕೇಳಿದೆ.

ಅವನ ಹಿಂದೆ ಇಳಿದ ಅಂಬಕ್ಕ ಎದ್ದು ಬಂದು ಕತ್ತು ತಿರುಗಿಸಿ, ಭುಜ ಎತ್ತಿ, ಹಿಮ್ಮಡಿ ಊರಿ ನೋಡಿದಳು. "ಇಷ್ಟೇನಾ? ಇದಕ್ಕಾ ನೀನು ಹಬ್ಬ ಹುಣ್ಣಿಮೆ ಅನ್ನದೆ ಗೋಳಾಡಿದ್ದು?" ಎಂದು ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. ಬೇರೆ ದಿನವಾಗಿದ್ದರೆ ಅವನು ಬಿಡುತ್ತಿರಲಿಲ್ಲ. ಅವತ್ತು ಹೌದಕ್ಕಾ ಎಂದ. ದಾಕ್ಷಾಯಿಣಿ ಇನ್ನೊಮ್ಮೆ ಇಳಿದು ಅಂಬಕ್ಕನ ಅರೆತಲೆನೋವು ತೆಗೆದುಕೊಂಡಳು, ಸುತ್ತು ಮುಗಿಯಿತು.

ಅಡುಗೆಮನೆಗೆ ಬಂದು ಅವಳು ನನ್ನನ್ನು ಕೇಳಿದಳು. "ಅವರಿಗೆ ಏನೂ ಆಗಿಲ್ಲವಂತೆ. ನೀರು ಒಂದೊಂದ್ಸಲ ನೋವನ್ನ ತಾನೇ ಇಟ್ಕೊಳ್ಳುತ್ತಾ?" ಅಂಥದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. "ಇಟ್ಕೊಳ್ಳುತ್ತೆ, ಅಪರೂಪಕ್ಕೆ. ನಿಮ್ಮ ಪುಣ್ಯ" ಎಂದೆ. ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಅವತ್ತು ಮಧ್ಯಾಹ್ನ ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕುಳಿತಳು, ಏನನ್ನೂ ಹಿಡಿಯದೆ ಎದ್ದಳು, ಸುಮ್ಮನೆ ಇನ್ನೊಮ್ಮೆ ಕುಳಿತು ಎದ್ದಳು. ಮಾರನೆಯ ದಿನ ಕೆರೆಯ ದಂಡೆ ಹಿಡಿದು ಎಷ್ಟೋ ದೂರ ನಡೆದು, ಸೆರಗಿನ ತುಂಬ ಕಾಡುನೆಲ್ಲಿ ತಂದಳು. ತಲೆನೋವು ಬಂದಾಗ ಕಾಫಿ ಕುಡಿದು, ಪಾಪದ್ದು, ತೊಂದರೆಯೇ ಕೊಡಲ್ಲ ಎಂದು ನಕ್ಕಳು.

ಚನ್ನವೀರಯ್ಯ ಜಗಲಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಚಳಿಯಲ್ಲೂ ಹಣೆಯಲ್ಲಿ ಬೆವರು. ಹೆಂಡತಿ ಎದುರಿಗೆ ಬಂದರೆ ಕಾಫಿ ತಣ್ಣಗಿದೆ, ಕಂಬಳಿ ಚುಚ್ಚುತ್ತದೆ, ಪೌಲನ ನಾಯಿ ಬೊಗಳುತ್ತದೆ ಎಂದು ಗೊಣಗುತ್ತಿದ್ದ. ಗೊಣಗದಿದ್ದರೆ ಅವಳಿಗೆ ಅನುಮಾನ ಬರುತ್ತದಲ್ಲ. ಅವಳು ಮರೆಯಾದ ಮೇಲೆ ಬಾಯಿ ಮುಚ್ಚಿ ಕೂರುತ್ತಿದ್ದ. ನಾನು ನುಗ್ಗೆಸೊಪ್ಪು ಬಿಡಿಸುತ್ತಾ ಅಲ್ಲೇ ಇದ್ದೆ. "ಸಾಕಮ್ಮಾ" ಎಂದ, "ನಾನು ಬೆಳಗ್ಗೆ ಹಾಸಿಗೆಯಿಂದ ಏಳೋಕೆ ಮೊದಲು ಎಡಗಡೆ ಹೊರಳಿ, ಮೊಣಕೈ ಊರಿ, ಆಮೇಲೆ ಕಾಲು ಇಳಿಸಿದೆ. ಹಾಗೆ ಎದ್ದರೆ ಮಾತ್ರ ಏಳೋಕಾಗುತ್ತೆ. ಇದನ್ನ ಎಲ್ಲೋ ನೋಡಿದ್ದೀನಲ್ಲ ಅಂದ್ಕೊಂಡೆ. ದಿನಾ ನೋಡಿದ್ದೀನಿ. ಅವಳು ಹಾಗೇ ಏಳೋದು." ಎಡಕ್ಕೆ ಜರುಗಿ ಕುಳಿತು, "ಪಾತ್ರೆ ತೊಳೆಯುವಾಗ ಒಂದು ಕಾಲು ಮಣೆ ಮೇಲೆ ಇಟ್ಕೊಂಡು ನಿಲ್ತಾಳೆ. ಕೊಕ್ಕರೆ ಅಂತ ಅಣಕಿಸ್ತಿದ್ದೆ. ಮಗಳ ಮದುವೇಲಿ ಪಂಕ್ತಿಗೆ ಕೂರಲಿಲ್ಲ, ಜಂಬ ಬಂತು ನಿನಗೆ ಅಂದೆ, ಬೀಗರ ಎದುರಿಗೇ" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು ಸೊಪ್ಪಿನ ಕಡ್ಡಿ ಎಸೆದು ಒಳಗೆ ಹೋಗಿ ಬೇರೆ ಕಾಫಿ ತಂದೆ. ಅವಳಿಗೆ ಹೇಳಬೇಡಿ ಎಂದು ಕೈ ಮುಗಿದ. ಅವನ ಮೇಲೆ ನನಗೆ ಅಂದಿನವರೆಗೆ ಇದ್ದ ಕೋಪ ಅಲ್ಲಿಗೆ ಇಳಿಯಿತು.

ಗುಟ್ಟು ಹೊರಬಿದ್ದದ್ದು ಅವನ ಹಳೇ ಚಾಳಿಯಿಂದಲೇ. ಊಟ ಮುಗಿಸಿ ಕುರ್ಚಿಯಿಂದ ಏಳುವಾಗ ಕಾಲಿನಲ್ಲಿ ಏನು ಮಿಂಚಿತೋ, ಬಾಯಿಂದ ಹಾ ಎಂದು ಹೊರಟೇಬಿಟ್ಟಿತು. ಮೊಸರು ಬಡಿಸುತ್ತಿದ್ದ ದಾಕ್ಷಾಯಿಣಿ ತಿರುಗಿದಳು. ಅವನು ಗಾಬರಿಯಾಗಿ, ಇಷ್ಟು ವರ್ಷ ನಾಲಿಗೆಯ ತುದಿಯಲ್ಲೇ ಇದ್ದದ್ದನ್ನು ಎಸೆದ. "ಹಾಳು ಹಿಮ್ಮಡಿ." ಅಂಬಕ್ಕ ಅನ್ನ ಕಲೆಸುವುದನ್ನು ನಿಲ್ಲಿಸಿ ಹೇಳಿದಳು, "ನಿನ್ನ ಹಿಮ್ಮಡಿ ನೋವು ನನ್ನ ಹತ್ರ ಇದೆಯಲ್ಲೋ." ದಾಕ್ಷಾಯಿಣಿ ಮೊಸರಿನ ಪಾತ್ರೆ ಮೆಲ್ಲಗೆ ಕೆಳಗಿಟ್ಟು, ಗಂಡನ ಎಡಗೈ ಮೇಜಿನ ಅಂಚನ್ನು ಹಿಡಿದ ರೀತಿ ನೋಡಿದಳು. ಆ ಹಿಡಿತ ಅವಳಿಗೆ ಗೊತ್ತಿಲ್ಲದ್ದೇ? ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ದೋಣಿ ಕಟ್ಟುವ ಕಲ್ಲಿನ ಮೇಲೆ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. "ನೀವೂ ಸುಳ್ಳು ಹೇಳಿದ್ರಿ" ಎಂದಳು. ಹೇಳಿದೆ ಎಂದೆ. "ಇವತ್ತೇ ಹೊರಡ್ತೀವಿ. ಅದು ಅವರಿಗೆ ಆಗಲ್ಲ ಸಾಕಮ್ಮಾ. ನನಗೆ ರೂಢಿಯಾಗಿದೆ, ಅವರಿಗೆ ಹೊಸದು. ನಾನು ಅಲ್ಲಿ ನೆಲ್ಲಿಕಾಯಿ ಕೀಳ್ತಾ ಇದ್ದೆ, ಅವರು ಇಲ್ಲಿ." ಜಗಲಿಯ ಕಡೆ ಕೈ ತೋರಿಸಿದಳು. ಹೊಂಡಕ್ಕೆ ಇಳಿದ ದಿನದಿಂದ ತಡೆದುಕೊಂಡಿದ್ದಾರಲ್ಲ ಎಂದೆ. "ಅದೇ ನನಗೆ ತಡ್ಕೊಳೋಕಾಗ್ತಿಲ್ಲ" ಎಂದಳು.

ಅಷ್ಟರಲ್ಲಿ ಚನ್ನವೀರಯ್ಯ ಬಂದ. ಮನೆಯಿಂದ ಕೆರೆಗೆ ಎಷ್ಟು ದೂರ, ಆದರೂ ಅವನಿಗೆ ಬಹಳ ಹೊತ್ತು ಬೇಕಾಯಿತು. ಬಂದು, ಕಲ್ಲು ಹಿಡಿದು, ಎಡಗಡೆ ಭಾರ ಹಾಕಿ ಕುಳಿತ. ಹೆಂಡತಿಯ ಕಡೆ ನೋಡದೆ ನನ್ನನ್ನು ಕೇಳಿದ. "ರೂಮು ಇನ್ನೂ ನಾಲ್ಕು ದಿನ ಸಿಗುತ್ತಾ?" ಬೇಡ ಎಂದಳು ಅವಳು. "ನಿನ್ನ ಕೇಳಲಿಲ್ಲ, ಸಾಕಮ್ಮನ್ನ ಕೇಳಿದ್ದು." ಅವಳು ಹೊರಡೋಣ ಎಂದಳು, ಮಗಳ ಆಣೆ ಇಟ್ಟಳು, ಅಂಗಡಿ ಮುಚ್ಚಿದ್ದು ನೆನಪಿಸಿದಳು. ಅವನು ಕೆರೆ ನೋಡುತ್ತಾ ಹೇಳಿದ, "ಆಚೆ ದಡಕ್ಕೆ ದೋಣೀಲಿ ಹೋಗಬೇಕು ಅಂತ ಮೊನ್ನೆ ಅಂದೆಯಲ್ಲ. ಹೋಗಿ ಬಾ. ನಾನು ಇಲ್ಲೇ ಕೂತಿರ್ತೀನಿ. ನನ್ನ ಕೈಲಿ ಆಗಲ್ಲ ಅಂತ ಇಷ್ಟು ವರ್ಷ ನೀನೇ ತೀರ್ಮಾನ ಮಾಡಿದ್ದೀಯ. ನಾನು ಹಾಗೇ ಇದ್ದೆ, ಒಪ್ಕೋತೀನಿ. ನಾಲ್ಕು ದಿನ ಬಿಡು." ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನೂ ಅತ್ತ. ಪೌಲ ದೋಣಿ ತಂದು ನಿಲ್ಲಿಸಿದಾಗ ಅವಳು ಕಣ್ಣೊರೆಸಿಕೊಂಡು, ಒಂದೇ ಹೆಜ್ಜೆಗೆ ಹತ್ತಿದಳು.

ಊರವರು ಕರೆದಲ್ಲೆಲ್ಲ ಆ ನಾಲ್ಕು ದಿನ ಅವಳು ಹೋದಳು. ಆಚೆ ದಡದ ಹಳ್ಳಿಯವರ ಮನೆಯಲ್ಲಿ ರಾಗಿಕಲ್ಲು ಬೀಸಿ ಬಂದಳು, ಮೇಲಿನ ಹುಲ್ಲುಗಾವಲಿಗೆ ಹತ್ತಿದಳು. ಬಂದು ಅವನ ಪಕ್ಕ ಕುಳಿತು ಕಂಡದ್ದನ್ನೆಲ್ಲ ಹೇಳುತ್ತಿದ್ದಳು, ಅವನು ಕೇಳುತ್ತಿದ್ದ. ಹೀಗೆ ಕೂತರೆ ಕಡಿಮೆ, ದಿಂಬು ಮಂಡಿಯ ಕೆಳಗೆ ಇಟ್ಟುಕೊಳ್ಳಿ ಎಂದು ತನ್ನ ಉಪಾಯಗಳನ್ನೆಲ್ಲ ಅವನಿಗೆ ಕಲಿಸಿಕೊಟ್ಟಳು. ಅಂಬಕ್ಕ ಕೂಡ ತೆಪ್ಪಗಿದ್ದಳು. ಒಂದು ಸಂಜೆ ನನ್ನ ಬಳಿ ಬಂದು, "ನಾನು ಅವಳ ಹಿಂದೆ ಇಳಿಯೋಕೆ ಅಷ್ಟು ಜಗಳ ಆಡಿದ್ದೆ. ಇಳಿದಿದ್ರೆ ಮೊದಲ ದಿನವೇ ಗಂಟುಮೂಟೆ ಕಟ್ತಿದ್ದೆ" ಎಂದಳು.

ಹೊರಡುವವರ ಜೊತೆ ಗಾಳಿಕಲ್ಲಿನವರೆಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಕಲ್ಲಿನ ಹತ್ತಿರ ಜೀಪು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಆಚೆ ಬದಿಯ ಹಾಸುಗಲ್ಲಿನ ಮೇಲೆ ಕೂರಿಸುತ್ತೇವೆ. ನಿಂತಿದ್ದವರಿಗೆ ತಮ್ಮ ನೋವು ಒಮ್ಮೆಲೆ ಬಂದರೆ ತಲೆ ತಿರುಗುತ್ತದೆ. ನಾನು ಚೊಂಬಿನಲ್ಲಿ ಮಜ್ಜಿಗೆ ತಂದಿದ್ದೆ. ಚನ್ನವೀರಯ್ಯ ಹೆಂಡತಿಯ ಕೈ ಹಿಡಿದುಕೊಂಡೇ ಕಲ್ಲು ದಾಟಿದ. ದಾಟುತ್ತಾ ಅವನ ನಡಿಗೆ ನೆಟ್ಟಗಾಯಿತು, ಅವಳದು ಕುಂಟಿತು. ಅವಳನ್ನು ಹಾಸುಗಲ್ಲಿನ ಮೇಲೆ ಎಡಗಡೆ ಭಾರ ಬರುವ ಹಾಗೆ ಕೂರಿಸಿ, ತನ್ನ ಶಾಲು ಸುತ್ತಿ ಮಂಡಿಯ ಕೆಳಗೆ ಇಟ್ಟ.

ಅವಳ ತುಟಿಗಳು ಬಿಗಿಯಾದವು. ಮುಖ ಹಳೆಯ ಮುಖವಾಯಿತು, ಏನೂ ಇಲ್ಲದ ಮುಖ. ಅವನು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ. "ಬಾಯಿ ಮುಚ್ಕೋಬೇಡ. ಎಷ್ಟಿದೆ ಅಂತ ನನಗೆ ಗೊತ್ತು. ನರಳು" ಎಂದ. ಅವಳು ತಲೆಯಾಡಿಸಿದಳು. ಅಂಬಕ್ಕನ ಕಡೆ, ನನ್ನ ಕಡೆ, ಜೀಪಿನವನ ಕಡೆ ನೋಡಿದಳು. ಜೀಪಿನವನು ಒಳ್ಳೆಯವನು, ಬೆನ್ನು ತಿರುಗಿಸಿ ನಿಂತ. "ನರಳೇ" ಎಂದ ಅವನು ಇನ್ನೊಮ್ಮೆ, ಈ ಸಲ ಬೇಡಿಕೊಳ್ಳುವ ಹಾಗೆ. ಮೊದಲು ಬಂದದ್ದು ಸಣ್ಣ ಸದ್ದು, ಬಾಗಿಲ ಸಂದಿಯಿಂದ ಬಂದಷ್ಟು. ಆಮೇಲೆ ಅಮ್ಮಾ ಎಂದಳು. ಆಮೇಲೆ ದೊಡ್ಡದಾಗಿ, ಎರಡು ಕೈಯಲ್ಲೂ ಅವನ ತೋಳು ಹಿಡಿದುಕೊಂಡು, ಅಯ್ಯೋ ಅಮ್ಮಾ, ಸಾಯ್ತೀನಿ, ಆಗಲ್ಲ ನನ್ನ ಕೈಲಿ ಎಂದಳು. ಮಗಳು ಹುಟ್ಟಿದಾಗಿನಿಂದ ಒಳಗೆ ಇಟ್ಟುಕೊಂಡದ್ದೆಲ್ಲ ಆ ಘಟ್ಟದ ತಲೆಯಲ್ಲಿ ಹೊರಗೆ ಬಂತು. ಅಂಬಕ್ಕ ಅತ್ತ ತಿರುಗಿ ಮೂಗು ಒರೆಸಿಕೊಂಡಳು. ನಾನು ಮಜ್ಜಿಗೆಯ ಚೊಂಬನ್ನು ಹಾಸುಗಲ್ಲಿನ ಮೇಲೆ ಇಟ್ಟೆ.

"ಮನೆ ಆಮೇಲೆ, ಮೊದಲು ದೊಡ್ಡಾಸ್ಪತ್ರೆ" ಎಂದು ಅವನು ಜೀಪಿನವನಿಗೆ ಹೇಳಿದ. ಅವಳನ್ನು ಹಿಡಿದು ಎಬ್ಬಿಸುತ್ತಾ, "ಡಾಕ್ಟರ ಹತ್ರ ನೀನು ಏನೂ ಹೇಳಬೇಡ, ನೀನು ಏನಿಲ್ಲ ಅಂತೀಯ. ಎಲ್ಲಿ ಶುರುವಾಗುತ್ತೆ, ಎಲ್ಲಿಗೆ ಇಳಿಯುತ್ತೆ, ಯಾವ ಹೊತ್ತಿಗೆ ಜಾಸ್ತಿ, ಎಲ್ಲ ನಾನು ಹೇಳ್ತೀನಿ" ಎಂದ. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ ತಾನು ಒಂದು ಮೂಲೆಯಲ್ಲಿ ಮುದುಡಿ ಕುಳಿತ. ಕೂರುವಾಗ ಬಲಭುಜ ಬಾಗಿಲಿಗೆ ತಾಗಿತು, ಮುಖ ಕಿವುಚಿಕೊಂಡ. ಜೀಪು ಇಳಿಜಾರು ಹಿಡಿಯಿತು. ನಾನು ಗಾಳಿಕಲ್ಲಿಗೆ ಒರಗಿ ನಿಂತಿದ್ದೆ. ಮೊದಲ ತಿರುವು ದಾಟಿ, ಎರಡನೆಯದೂ ದಾಟಿ, ಜೀಪು ಮರಗಳ ಹಿಂದೆ ಮರೆಯಾದ ಮೇಲೂ ದಾಕ್ಷಾಯಿಣಿ ನರಳುವುದು ಕೇಳುತ್ತಿತ್ತು. ಚನ್ನವೀರಯ್ಯನ ದನಿ ಕೇಳಲಿಲ್ಲ.